ಫುಲ್ಲರೀನನ್ನು ಕಾಯಿಸಿದರೆ ಗ್ರಾಫೈಟ್ ಆಗುವುದೇ?

ಪ್ರಶ್ನೆ: ಟೊಲ್ಯೂಯಿನ್‌ನಲ್ಲಿ ಕರಗಿಸಿದ ಸಿ-60 ಫುಲ್ಲರೀನಿಗೆ (60 ಇಂಗಾಲದ ಪರಮಾಣುಗಳು ಚೆಂಡಿನಾಕಾರದ ಗೂಡಿನಂತೆ ಕೂಡಿದ ಅಣು) ಐಸೊಪ್ರೊಪೈಲ್ ಆಲ್ಕೋಹಾಲನ್ನು ನಿಧಾನವಾಗಿ ಸೇರಿಸಿದಾಗ ಬೆಳೆಯುವ ನ್ಯಾನೊ ಕಡ್ಡಿಗಳು 2000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೂ ಆಕಾರ ಕಳೆದುಕೊಳ್ಳುವುದಿಲ್ಲವೆಂದು ಓದಿದ್ದೇನೆ. ಫುಲ್ಲರೀನ್ ಅದಕ್ಕೂ ಮೊದಲೇ ಆವಿಯಾಗಬೇಕಲ್ಲವೇ? ಉಳಿಯುವುದು ಗ್ರಾಫೈಟೇ?
– ರಸಾಯನಶಾಸ್ತ್ರದ ವಿದ್ಯಾರ್ಥಿನಿ, ಉಡುಪಿ

ಉತ್ತರ: ನಿಮ್ಮ ಸಂದೇಹ ಸರಿಯಾದದ್ದೇ. ಆ ಕಡ್ಡಿಗಳಲ್ಲಿ ಫುಲ್ಲರೀನ್ ಗೂಡುಗಳನ್ನು ಹಿಡಿದಿರುವುದು ದುರ್ಬಲವಾದ ವಾನ್ ಡರ್ ವಾಲ್ಸ್ ಆಕರ್ಷಣೆ ಮಾತ್ರ. ಆದ್ದರಿಂದ ನಿರ್ವಾತದಲ್ಲಿ ಸುಮಾರು 400 ಡಿಗ್ರಿ ದಾಟಿದರೆ ಸಿ-60 ನೇರವಾಗಿ ಆವಿಯಾಗತೊಡಗುತ್ತದೆ, ಒಂದಷ್ಟು ಪಾಲು ಹಾಗೆಯೇ ನಷ್ಟವಾಗುತ್ತದೆ. ಆದರೆ ಉಷ್ಣತೆ ಇನ್ನೂ ಏರಿದಾಗ ಉಳಿದ ಗೂಡುಗಳು ಒಡೆದು, ನೆರೆಯ ಗೂಡುಗಳ ಪರಮಾಣುಗಳೊಡನೆ ಗಟ್ಟಿಯಾದ ಸಹವೇಲೆನ್ಸಿ ಬಂಧಗಳನ್ನು ಕಟ್ಟಿಕೊಳ್ಳುತ್ತವೆ; ಹೀಗೆ ಬೆಸೆದುಕೊಂಡ ಇಂಗಾಲ ಮತ್ತೆ ಆವಿಯಾಗುವುದು ಸುಲಭವಲ್ಲ. ನಮ್ಮ ಕಡೆ ಇಸ್ತ್ರಿ ಪೆಟ್ಟಿಗೆಗೆ ಹಾಕುವ ತೆಂಗಿನ ಗೆರಟೆಯ ಇದ್ದಿಲನ್ನು ನೋಡಿದ್ದೀರಲ್ಲ, ಒಳಗಿನ ರಚನೆ ಪೂರ್ತಿ ಬದಲಾಗಿದ್ದರೂ ಅದರಲ್ಲಿ ಗೆರಟೆಯ ಬಾಗು ಹಾಗೆಯೇ ಇರುತ್ತದೆ. ಕಡ್ಡಿಗಳ ಆಕಾರ ಉಳಿಯುವುದೂ ಹೀಗೆಯೇ. ಕಡ್ಡಿಗಳನ್ನು ಕಾಯಿಸುವಾಗಲೂ ಗೆರಟೆಯನ್ನು ಇದ್ದಿಲಾಗಿಸುವಾಗಲೂ ಗಾಳಿಯನ್ನು ದೂರವಿಡಲೇಬೇಕು, ಇಲ್ಲವಾದರೆ ಇಂಗಾಲ ಉರಿದುಹೋಗುತ್ತದೆ.

ಎರಡನೆಯ ಪ್ರಶ್ನೆಗೆ ಗೆರಟೆಯೇ ಇನ್ನೂ ಒಳ್ಳೆಯ ಪಾಠ. ಇಂಗಾಲಗಳಲ್ಲಿ ಕಾಯಿಸಿದರೆ ಗ್ರಾಫೈಟ್ ಆಗುವವು ಮತ್ತು ಆಗದವು ಎಂಬ ಎರಡು ಬಗೆಗಳಿವೆಯೆಂದು ಬ್ರಿಟಿಷ್ ವಿಜ್ಞಾನಿ ರೊಸಾಲಿಂಡ್ ಫ್ರ್ಯಾಂಕ್ಲಿನ್ 1951ರಲ್ಲಿ ತೋರಿಸಿದರು. ಕಚ್ಚಾ ತೈಲದ ಶೇಷದಿಂದ ಸಿಗುವ ಪೆಟ್ರೋಲಿಯಂ ಕೋಕ್ ಮೊದಲನೆಯ ಬಗೆಯದು. ಗೆರಟೆಯ ಇದ್ದಿಲನ್ನು 3000 ಡಿಗ್ರಿಗೆ ಕಾಯಿಸಿದರೂ ಅದು ನಿಜವಾದ ಗ್ರಾಫೈಟ್ ಆಗದು. ಗ್ರಾಫೈಟ್ ಆಗಬೇಕಾದರೆ ಷಟ್ಕೋನಗಳ ಚಪ್ಪಟೆ ಹಾಳೆಗಳು ಒಂದರ ಮೇಲೊಂದು 0.335 ನ್ಯಾನೊಮೀಟರ್ ಅಂತರದಲ್ಲಿ ಕ್ರಮವಾಗಿ ಕೂರಬೇಕು. ಸಿ-60ಯ ಪ್ರತಿ ಗೂಡಿನಲ್ಲಿ 20 ಷಟ್ಕೋನಗಳ ಜೊತೆಗೆ 12 ಪಂಚಕೋನಗಳಿವೆ; ಹಾಳೆಯನ್ನು ಬಾಗಿಸುವುದು ಈ ಪಂಚಕೋನಗಳೇ. ಗೂಡು ಒಡೆದ ಮೇಲೂ ಆ ಬಾಗು ಒಮ್ಮೆಗೇ ಮಾಯವಾಗುವುದಿಲ್ಲವಾದ್ದರಿಂದ, 2000 ಡಿಗ್ರಿಯಲ್ಲಿ ದೊರೆಯುವುದು ಅಲ್ಲಲ್ಲಿ ಕೆಲವೇ ಪದರಗಳು ಜೋಡಿಕೊಂಡ, ರಂಧ್ರಗಳು ತುಂಬಿದ, ಗ್ರಾಫೈಟನ್ನು ಹೋಲುವ ಇಂಗಾಲ. ಇದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ: ವಿದ್ಯುತ್ ಹರಿಯಲು ಪದರಗಳೂ ಅಯಾನುಗಳು ಒಳಹೊಕ್ಕು ನಿಲ್ಲಲು ರಂಧ್ರಗಳೂ ಒಟ್ಟಿಗೆ ಬೇಕಾದ ಸೂಪರ್‌ಕೆಪಾಸಿಟರಿಗೆ (ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಟ್ಟುಕೊಡುವ ಸಾಧನ) ಇದು ಹೇಳಿ ಮಾಡಿಸಿದಂತಿದೆ.

ನೀವು ಪ್ರಾಜೆಕ್ಟ್ ವರದಿ ಬರೆಯುವುದಾದರೆ, ಬರಿದೆ ಗ್ರಾಫೈಟ್ ಎಂದು ಬರೆಯಬೇಡಿ. ಎಕ್ಸ್-ಕಿರಣ ವಿವರ್ತನೆಯಿಂದ ಪದರಗಳ ಅಂತರವನ್ನು ಅಳೆದು, ರಾಮನ್ ರೋಹಿತದಲ್ಲಿ (ವಸ್ತುವಿನಿಂದ ಚದುರಿದ ಬೆಳಕಿನ ವಿಶ್ಲೇಷಣೆ) ಪ್ರತಿ ಸೆಂಟಿಮೀಟರಿಗೆ 1350ರ ಸುಮಾರಿಗೆ ಬರುವ, ದೋಷಗಳನ್ನು ಸೂಚಿಸುವ ಡಿ ಪಟ್ಟಿಯನ್ನು 1580ರ ಬಳಿಯ, ಗ್ರಾಫೈಟಿನಂಥ ಪದರಗಳನ್ನು ಸೂಚಿಸುವ ಜಿ ಪಟ್ಟಿಯೊಡನೆ ಹೋಲಿಸಿ ನೋಡಿ. ಡಿ ಪಟ್ಟಿ ಎತ್ತರವಾಗಿಯೇ ಉಳಿದಿದ್ದರೆ ಪದರಗಳಲ್ಲಿ ದೋಷಗಳು ಇನ್ನೂ ಬಹಳ ಇವೆಯೆಂದು ತಿಳಿಯಬೇಕು.