ನಾವು ನೋಡುವುದು ಹೊರಗೆ ಇದ್ದದ್ದನ್ನು ಇದ್ದ ಹಾಗೇನಾ?

ಕಣ್ಣು ಕ್ಯಾಮೆರಾ ಥರ ಹೊರಗಿನದನ್ನು ಹಾಗೇ ಒಳಗೆ ಕಳಿಸುತ್ತದಾ, ಇಲ್ಲ ನಡುವೆ ಮನಸ್ಸು ಕೈಯಾಡಿಸುತ್ತದಾ ಅಂತ ಕೇಳಿದ್ದೀರಿ. ಕೈಯಾಡಿಸುತ್ತದೆ, ಅದೂ ಜಾಸ್ತಿಯೇ. ನಾನು ಇದನ್ನು ನಂಬಿದ್ದು ಓದಿ ಅಲ್ಲ, ಕನ್ನಡಿ ಮುಂದೆ ನಿಂತು.

ನೀವೂ ಮಾಡಿ ನೋಡಿ. ಕನ್ನಡಿಗೆ ಹತ್ತಿರ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು. ಹೀಗೇ ಆಚೆ ಈಚೆ ಮಾಡುತ್ತಿರಿ. ಕಣ್ಣುಗುಡ್ಡೆ ಹೊರಳುವುದು ಒಮ್ಮೆಯೂ ಕಾಣುವುದಿಲ್ಲ. ನಾನು ಐದು ನಿಮಿಷ ಹಟ ಹಿಡಿದು ನಿಂತೆ, ಸಿಕ್ಕಲಿಲ್ಲ. ಆಮೇಲೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ನೋಡಿದರೆ ಗುಡ್ಡೆಗಳು ಅತ್ತಿಂದಿತ್ತ ಚೆನ್ನಾಗಿಯೇ ಓಡುತ್ತಿವೆ! ಹೊರಳುವ ಆ ಕ್ಷಣದ ನೋಟವನ್ನು ಮೆದುಳು ಅದುಮಿಬಿಡುತ್ತದೆ. ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಹಾಗೆ ಜಿಗಿಯುತ್ತದೆ. ಅದೆಲ್ಲ ಕಂಡಿದ್ದರೆ ನಮಗೆ ತಲೆ ಸುತ್ತುತ್ತಿತ್ತು. ತಮಾಷೆ ಅಂದರೆ, ನಡುವೆ ಏನೋ ಬಿಟ್ಟುಹೋಯಿತು ಅಂತಲೂ ಅನ್ನಿಸುವುದಿಲ್ಲ.

ಇನ್ನೊಂದು. ಎಡಗಣ್ಣು ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳುಗಳನ್ನು ಅಕ್ಕಪಕ್ಕ ನಿಲ್ಲಿಸಿ. ನೋಟ ಎಡ ಹೆಬ್ಬೆರಳ ಮೇಲೇ ಇರಲಿ. ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಒಂದು ಗೇಣಿಗೆ ಸ್ವಲ್ಪ ಕಡಿಮೆ ದೂರ ಹೋಗುವಷ್ಟರಲ್ಲಿ ಬೆರಳ ತುದಿ ಮಾಯ. ಅಲ್ಲಿ ಕಪ್ಪು ತೂತೇನೂ ಕಾಣುವುದಿಲ್ಲ, ಹಿಂದಿನ ಗೋಡೆಯ ಬಣ್ಣವೇ ಕಾಣುತ್ತದೆ. ನೋಟವನ್ನು ಮೆದುಳಿಗೆ ಒಯ್ಯುವ ನರ ಕಣ್ಣಿನಿಂದ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಅಕ್ಕಪಕ್ಕ ಇರುವುದನ್ನೇ ಎಳೆದು ಮೆದುಳು ತೇಪೆ ಹಾಕುತ್ತದೆ. ಫ್ರಾನ್ಸಿನ ವಿಜ್ಞಾನಿ ಎಡ್ಮ್ ಮಾರಿಯೊಟ್ ಈ ಕುರುಡು ಜಾಗವನ್ನು ಕಂಡುಹಿಡಿದದ್ದು 1660ರ ದಶಕದಲ್ಲಿ.

ಕಿವಿಯೂ ಅಷ್ಟೇ. ‘ಬ’ ಅನ್ನುವ ದನಿಗೆ ‘ಗ’ ಅನ್ನುವ ತುಟಿಯ ವಿಡಿಯೊ ಜೋಡಿಸಿದರೆ ಹಲವರಿಗೆ ‘ದ’ ಅಂತ ಕೇಳಿಸುತ್ತದೆ. ಕಣ್ಣು ಮುಚ್ಚಿದರೆ ಮತ್ತೆ ‘ಬ’. ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಅನ್ನುವ ಮನೋವಿಜ್ಞಾನದ ಸಂಶೋಧಕರು ಇದನ್ನು 1976ರಲ್ಲಿ ತೋರಿಸಿದರು.

ಹಾಗಂತ ಎಲ್ಲವೂ ಭ್ರಮೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಸುಮ್ನೆ ಕಟ್ಟಿದ ಕಥೆಯಾಗಿದ್ದರೆ ನಮ್ಮತ್ತ ಬರುವ ಚೆಂಡನ್ನು ಹಿಡಿಯಲು ಆಗುತ್ತಿತ್ತಾ? ನಮಗೆ ಕಾಣುವುದು, ಕೇಳಿಸುವುದು ಒಂದು ಅಂದಾಜು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ್ದು ಇದನ್ನೇ: ನಮಗೆ ಗೊತ್ತಾಗದ ಹಾಗೆ ಮನಸ್ಸು ಊಹಿಸುತ್ತಿರುತ್ತದೆ. ಊಹೆ ತಪ್ಪಿದರೆ ಇಂದ್ರಿಯಗಳು ತಿದ್ದುತ್ತವೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೂ ಒಂದಿದೆ ಅಂದುಕೊಂಡು ಕಾಲಿಟ್ಟು, ಧಡಕ್ಕನೆ ನೆಲ ಸಿಕ್ಕಿ ಎದೆ ಝಲ್ಲೆಂದಿದೆ ಅಲ್ವಾ? ಪೆಟ್ಟೇನೂ ಆಗಿರುವುದಿಲ್ಲ. ಮನಸ್ಸು ಆಗಲೇ ಮುಂದಿನ ಮೆಟ್ಟಿಲಿಗೆ ಇಳಿದಾಗಿರುತ್ತದೆ, ಅಷ್ಟೇ.

ಇದೆಲ್ಲ ಗೊತ್ತಾದ ಮೇಲೆ ಸರಿಯಾಗಿ ಕಾಣುತ್ತದಾ ಅಂತಲೂ ಕೇಳಿದ್ದೀರಿ. ಎಲ್ಲಿ! ಮೊನ್ನೆ ಸ್ಕೇಲ್ ಇಟ್ಟು 8 ಸೆಂಟಿಮೀಟರಿನ ಎರಡು ಗೆರೆ ಎಳೆದೆ. ಒಂದರ ತುದಿಗಳಿಗೆ ಒಳಮುಖವಾಗಿ ಮಡಚಿದ ಬಾಣದ ರೆಕ್ಕೆ, ಇನ್ನೊಂದಕ್ಕೆ ಹೊರಕ್ಕೆ ಚಾಚಿದ್ದು. 1889ರಿಂದ ಜನರನ್ನು ಏಮಾರಿಸುತ್ತಿರುವ ಮುಲ್ಲರ್-ಲಯರ್ ಚಿತ್ರ. ಅಳೆದವನು ನಾನೇ, ಎಳೆದವನೂ ನಾನೇ. ಆದರೂ ಎರಡನೆಯದೇ ಉದ್ದ ಕಾಣುತ್ತಿದೆ.