ನೆದರ್ಲ್ಯಾಂಡ್ಸ್‌ನಲ್ಲಿ ಗಾಂಜಾ ಅಂಗಡಿಗಳಿದ್ದರೂ ದಂಧೆಕೋರರು ಏಕೆ ಉಳಿದರು?

ಕಾಫಿಶಾಪ್‌ಗಳು ದಶಕಗಳಿಂದ ರಾಜಾರೋಷವಾಗಿ ಗಾಂಜಾ ಮಾರುತ್ತಿರುವಾಗ ಅಲ್ಲಿ ಮಾಫಿಯಾಕ್ಕೆ ಏನು ಕೆಲಸ ಎಂದು ಕೇಳಿದ್ದೀರಿ. ನೋಡಿ, ಅಲ್ಲಿ ಗಾಂಜಾ ಕಾನೂನುಬದ್ಧವಾಗಿಯೇ ಇಲ್ಲ. 1976ರಲ್ಲಿ ಓಪಿಯಂ ಕಾಯ್ದೆಗೆ ತಿದ್ದುಪಡಿ ತಂದು ಗಾಂಜಾ, ಚರಸ್‌ಗಳನ್ನು ಹೆರಾಯಿನ್‌ನಂಥವುಗಳಿಂದ ಬೇರೆ ಪಟ್ಟಿಗೆ ಹಾಕಿದರು. ಮಾರಾಟ ಇಂದಿಗೂ ಅಪರಾಧವೇ, ಷರತ್ತು ಪಾಲಿಸುವ ಅಂಗಡಿಯ ಮೇಲೆ ಕೇಸು ಹಾಕುವುದಿಲ್ಲ ಅಷ್ಟೇ. ಒಬ್ಬರಿಗೆ ದಿನಕ್ಕೆ 5 ಗ್ರಾಂ, 18 ತುಂಬದವರಿಗೆ ಪ್ರವೇಶವಿಲ್ಲ, ಜಾಹೀರಾತಿಲ್ಲ, ಅಂಗಡಿಯಲ್ಲಿ ದಾಸ್ತಾನು 500 ಗ್ರಾಂ ಮೀರಬಾರದು.

ಆದರೆ ಆ 500 ಗ್ರಾಂ ಅಂಗಡಿಗೆ ಬಂದದ್ದು ಎಲ್ಲಿಂದ? ಬೆಳೆಯುವುದೂ ಸಗಟಾಗಿ ಸಾಗಿಸುವುದೂ ಶಿಕ್ಷಾರ್ಹ. ಅಲ್ಲಿಯವರು ಇದನ್ನು 'ಹಿಂಬಾಗಿಲ ಸಮಸ್ಯೆ' ಎನ್ನುತ್ತಾರೆ. ಲೆಕ್ಕ ಹಾಕಿ: ತಲಾ 5 ಗ್ರಾಂ ಕೊಟ್ಟರೆ 100 ಗಿರಾಕಿಗೆ ಸರಕು ಖಾಲಿ. ಹಾಗಾಗಿ ಹತ್ತಿರದ ಯಾವುದೋ ಮನೆಯಲ್ಲಿ ಗುಟ್ಟಾಗಿ ದಾಸ್ತಾನಿಟ್ಟು, ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪವೇ ತರಿಸಬೇಕು. ಆ ಮನೆ ದರೋಡೆಯಾದರೆ ಪೊಲೀಸರಿಗೆ ದೂರು ಕೊಡುವಂತಿಲ್ಲ. ರಕ್ಷಣೆಗೆ ಮತ್ತೆ ರೌಡಿಗಳೇ ಬೇಕು. ಬೆಳೆ ತೆಗೆಯುವುದು ಬಾಡಿಗೆ ಮನೆಯ ಅಟ್ಟದಲ್ಲಿ, ರೈತರ ಕೊಟ್ಟಿಗೆಯಲ್ಲಿ. ದೀಪಗಳಿಗೆ ಮೀಟರ್ ತಪ್ಪಿಸಿ ಕರೆಂಟು ಕದಿಯುತ್ತಾರೆ, ವೈರು ಕಾದು ಬೆಂಕಿ ಹೊತ್ತಿಕೊಳ್ಳುತ್ತದೆ. ಸಿಕ್ಕಿಬೀಳುವುದು ಸಾಲಕ್ಕೆ ಸಿಲುಕಿ ಮನೆ ಬಿಟ್ಟುಕೊಟ್ಟ ಬಡಪಾಯಿ, ದುಡ್ಡು ಹೂಡಿದವನಲ್ಲ. ನನಗೆ ಈ ವ್ಯವಸ್ಥೆಯಲ್ಲಿ ಅತಿ ಅನ್ಯಾಯವೆನಿಸುವುದು ಇದೇ.

ಪರಿಹಾರವಾಗಿ ಈಗ 10 ನಗರಾಡಳಿತಗಳಲ್ಲಿ ಲೈಸೆನ್ಸ್ ಇರುವ ಬೆಳೆಗಾರರೇ ಅಂಗಡಿಗಳಿಗೆ ಸರಕು ಕೊಡುವ ಪ್ರಯೋಗ ನಡೆಯುತ್ತಿದೆ (ಆಮ್‌ಸ್ಟರ್‌ಡ್ಯಾಮ್ ಇದರಲ್ಲಿಲ್ಲ). ಬ್ರೆಡಾ ಮತ್ತು ಟಿಲ್ಬರ್ಗ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ ಶುರುವಾಯಿತು. ಇಂಥ ಬೆಳೆಗಾರರು ಹೆಚ್ಚೆಂದರೆ 10, ಪ್ರತಿ ಪೊಟ್ಟಣಕ್ಕೂ ಸೀಲು, ಬೆಳೆಯುವಲ್ಲಿಂದ ಅಂಗಡಿಯವರೆಗೆ ಲೆಕ್ಕ. ಅಂಗಡಿ ಒಂದು ವಾರದ ಸರಕು ಇಟ್ಟುಕೊಳ್ಳಬಹುದು, ಗುಟ್ಟಿನ ಮನೆ ಬೇಕಿಲ್ಲ.

ದಂಧೆಕೋರರು ಲೈಸೆನ್ಸನ್ನೇ ಬೇನಾಮಿಯಾಗಿ ಹಿಡಿಯದಂತೆ 'ಬಿಬೊಬ್' ಎಂಬ ಕಾಯ್ದೆಯಿದೆ. ಅರ್ಜಿದಾರ ಯಾರು ಎಂಬುದಷ್ಟೇ ಅಲ್ಲ, ಬಂಡವಾಳ ಯಾರದು, ಸಾಲ ಕೊಟ್ಟವರು ಯಾರು ಎಂದೂ ಕೆದಕುತ್ತಾರೆ. ಅನುಮಾನ ಗಂಭೀರವಾಗಿದ್ದರೆ ಲೈಸೆನ್ಸ್ ನಿರಾಕರಿಸಬಹುದು. ಸುಧಾರಣೆ ಬೇಕೆನ್ನುವವರು ಎಷ್ಟು ಗ್ರಾಂ ಎಂಬುದಕ್ಕೆ ಮೊದಲು ಚರ್ಚಿಸಬೇಕಾದದ್ದು ಈ ತಪಾಸಣೆಯನ್ನು. ಇನ್ನು ಚರಸ್‌ ವಿಷಯದಲ್ಲಿ ಪ್ರಯೋಗ ಎಡವಿತು: ಮೊರಾಕೊದ ಚರಸ್‌ಗೆ ಒಗ್ಗಿದ ಗಿರಾಕಿಗಳಿಗೆ ಸಾಕಾಗುವಷ್ಟು ಸ್ಥಳೀಯ ಸರಕು ಸಕಾಲಕ್ಕೆ ತಯಾರಾಗಲಿಲ್ಲ. ಹಾಗಾಗಿ ಅಂಗಡಿಗಳು ಅದಕ್ಕೆ ಇನ್ನಷ್ಟು ಕಾಲ ಹಳೆಯ ಹಿಂಬಾಗಿಲನ್ನೇ ನೆಚ್ಚಬೇಕಾಯಿತು.