ಅಮೆರಿಕದಲ್ಲಿ ಪೊಲೀಸರು ಅತಿಯಾಗಿ ಬಲ ಬಳಸಿದರೂ ಕೇಸ್ ಗೆಲ್ಲುವುದು ಯಾಕಷ್ಟು ಕಷ್ಟ?

ಪೊಲೀಸರ ಮೇಲೆ ಪರಿಹಾರದ ಕೇಸ್ ಹಾಕಲು ಅಲ್ಲಿ 1871ರ ಕಾನೂನೇ ಇದೆ. ಆದರೆ ‘ಕ್ವಾಲಿಫೈಡ್ ಇಮ್ಯುನಿಟಿ’, ಅಂದರೆ ಅಧಿಕಾರಿಗಳಿಗೆ ಸಿಗುವ ಷರತ್ತಿನ ರಕ್ಷಣೆ, ಅಡ್ಡ ಬರುತ್ತದೆ. ಇದು ಸಂಸತ್ತು ಬರೆದದ್ದಲ್ಲ, ಕೋರ್ಟುಗಳೇ ಕಟ್ಟಿದ ಗೋಡೆ. ಇಂಥ ವರ್ತನೆ ತಪ್ಪು ಅಂತ ಹಳೆಯ ತೀರ್ಪುಗಳು ಸ್ಪಷ್ಟಪಡಿಸಿರದಿದ್ದರೆ ಅಧಿಕಾರಿ ಬಚಾವ್.

ನ್ಯಾಶ್‌ವಿಲ್‌ನ ಒಂದು ಕೇಸ್ ನೋಡಿ. ಕಳ್ಳತನದ ಆರೋಪಿಯೊಬ್ಬ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದ. ಕೈ ಎತ್ತಿ ಕೂತಿದ್ದರೂ ಪೊಲೀಸರು ನಾಯಿ ಬಿಟ್ಟರು, ಅದು ಕಂಕುಳಿಗೇ ಕಚ್ಚಿತು ಎಂಬುದು ಅವನ ದೂರು. ಶರಣಾದವನ ಮೇಲೆ ನಾಯಿ ಬಿಡುವುದು ತಪ್ಪು ಅಂತ ಹೇಳಿದ ಹಳೆಯ ತೀರ್ಪಿನಲ್ಲಿ ಆ ವ್ಯಕ್ತಿ ನೆಲದ ಮೇಲೆ ಮಲಗಿದ್ದ; ಇವನು ಕೂತಿದ್ದ. ಅಷ್ಟಕ್ಕೇ ಕೇಸ್ ಬಿದ್ದುಹೋಯಿತು! ಕೂದಲು ಸೀಳುವುದು ಅಂದರೆ ಇದೇ ಅಲ್ವಾ? 2020ರಲ್ಲಿ ಸುಪ್ರೀಂ ಕೋರ್ಟ್ ಅವನ ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಅಂದಹಾಗೆ, ಈ ರಕ್ಷಣೆ ಪರಿಹಾರದ ಕೇಸಿಗೆ ಮಾತ್ರ. ಕ್ರಿಮಿನಲ್ ಕೇಸಿಗೆ ಇದು ಅಡ್ಡಿಯಲ್ಲ.